ಷಿಕಾಗೋದ ಓಮ್, ಶಿವನಸಮುದ್ರದ ವೋಲ್ಟ್

1893 ಎಂದೊಡನೆ ಕನ್ನಡಿಗರಿಗೆ, ಅದರಲ್ಲಿಯೂ ಮೈಸೂರು ಸೀಮೆಯವರಿಗೆ, ಷಿಕಾಗೋ ನಗರದಲ್ಲಿ ನಡೆದ ಒಂದೇ ಒಂದು ಸಭೆ ನೆನಪಿಗೆ ಬರುತ್ತದೆ. ಅದು ಸೆಪ್ಟೆಂಬರ್ 11ರಂದು ಆರಂಭವಾದ ಸರ್ವಧರ್ಮ ಸಮ್ಮೇಳನ. ಸ್ವಾಮಿ ವಿವೇಕಾನಂದರು ಅದರ ಹಿಂದಿನ ವರ್ಷವಷ್ಟೇ ಮೈಸೂರಿಗೆ ಬಂದು, ಮೊದಲು ದಿವಾನ್ ಶೇಷಾದ್ರಿ ಅಯ್ಯರ್ ಅವರಲ್ಲಿಯೂ ಬಳಿಕ ಅರಮನೆಯಲ್ಲಿಯೂ ಅತಿಥಿಯಾಗಿದ್ದರು. ಹತ್ತನೆಯ ಚಾಮರಾಜ ಒಡೆಯರು ಅವರ ಧ್ವನಿಯನ್ನು ಫೋನೋಗ್ರಾಫ್ ಯಂತ್ರದಲ್ಲಿ ಹಿಡಿದಿರಿಸಿಕೊಂಡರೆಂದೂ, ಆಗ ಅರಮನೆಯಲ್ಲಿ ವಿದ್ಯುತ್ತಿನ ಕೆಲಸಕ್ಕೆಂದು ಬಂದಿದ್ದ ತಂತ್ರಜ್ಞನೊಬ್ಬನೊಡನೆ ಸ್ವಾಮಿಗಳು ವಿದ್ಯುತ್ತಿನ ವಿಚಾರವಾಗಿ ಚರ್ಚೆ ಮಾಡಿದರೆಂದೂ ಅವರ ಜೀವನಚರಿತ್ರೆಕಾರರು ಬರೆದಿದ್ದಾರೆ. 1894ರ ಜೂನ್ 23ರಂದು ಸ್ವಾಮಿಗಳು ಷಿಕಾಗೋದಿಂದಲೇ ಮಹಾರಾಜರಿಗೆ ಪತ್ರ ಬರೆದರು. ಹೀಗೆ ಮೈಸೂರಿಗೂ ಷಿಕಾಗೋಗೂ ಇರುವ ನಂಟು ನಮಗೆಲ್ಲ ಬಾಲ್ಯದಿಂದ ಪರಿಚಿತವಾದದ್ದೇ.

ಆದರೆ ಆ ಸೆಪ್ಟೆಂಬರ್ 11ಕ್ಕೆ ಸರಿಯಾಗಿ ಮೂರು ವಾರ ಮೊದಲು, ಆಗಸ್ಟ್ 21ರಂದು, ಅದೇ ವಿಶ್ವಮೇಳದ ಅಂಗವಾಗಿ ಅದೇ ನಗರದಲ್ಲಿ ಇನ್ನೊಂದು ಸಭೆ ಸೇರಿತ್ತು. ಅದರ ಹೆಸರು ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ. ಅದನ್ನು ನಮ್ಮವರು ಅಷ್ಟಾಗಿ ನೆನೆಯುವುದಿಲ್ಲ. ಅಲ್ಲಿ ಮಂತ್ರಮುಗ್ಧಗೊಳಿಸುವ ಭಾಷಣಗಳು ನಡೆಯಲಿಲ್ಲ. ಪಾದರಸ, ಬೆಳ್ಳಿ, ಗ್ರಾಂ, ಸೆಂಟಿಮೀಟರುಗಳ ಚರ್ಚೆ ನಡೆಯಿತು. ಆದರೂ ಮೈಸೂರು ದೇಶದ ಇತಿಹಾಸವನ್ನು ಬದಲಿಸಿದ ಒಂದು ಲೆಕ್ಕಾಚಾರಕ್ಕೆ ಬೇಕಾದ ಅಳತೆಗಳು ಗಟ್ಟಿಯಾದದ್ದು ಅಲ್ಲಿಯೇ. ಈ ಎರಡು ನಗರಗಳ ಆಸುಪಾಸಿನಲ್ಲಿ, ಷಿಕಾಗೋ ಮತ್ತು ಡೆಟ್ರಾಯಿಟ್‌ಗಳ ನಡುವೆ, ಜೀವಮಾನದ ಹೆಚ್ಚಿನ ಭಾಗವನ್ನು ಕಳೆದ ನನ್ನಂಥ ಮಳವಳ್ಳಿ ತಾಲ್ಲೂಕಿನ ಇಂಜಿನಿಯರನಿಗೆ ಆ ಕಥೆಯನ್ನು ಒಮ್ಮೆ ಬರೆದಿಡಬೇಕೆಂಬ ಆಸೆ ಬಹಳ ದಿನಗಳಿಂದ ಇದೆ.

ನಮ್ಮ ಹಿರಿಯರ ಕಾಲದಲ್ಲಿ ಸೇರು ಎಂದರೆ ಎಲ್ಲ ಊರಿನಲ್ಲಿಯೂ ಒಂದೇ ಸೇರಾಗಿರಲಿಲ್ಲ. ಪಕ್ಕಾ ಸೇರು ಬೇರೆ, ಕಚ್ಚಾ ಸೇರು ಬೇರೆ. ಕೊಳಗದ ಅಳತೆಯಂತೂ ಸಂತೆಯಿಂದ ಸಂತೆಗೆ ಬದಲಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿದ್ಯುತ್ತಿನ ಪಾಡೂ ಹೆಚ್ಚು ಕಡಿಮೆ ಹೀಗೆಯೇ ಇತ್ತು. 1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಸಮ್ಮೇಳನ ವೋಲ್ಟ್, ಓಮ್, ಆಂಪಿಯರ್ ಎಂಬ ಹೆಸರುಗಳನ್ನು ಒಪ್ಪಿಕೊಂಡಿತ್ತಾದರೂ, ಪ್ರಯೋಗಶಾಲೆಯಲ್ಲಿ ಒಂದು ಓಮ್ ಎಂದರೆ ನಿಖರವಾಗಿ ಎಷ್ಟು ಎಂಬುದರಲ್ಲಿ ದೇಶದೇಶಗಳ ನಡುವೆ ಅಲ್ಪಸ್ವಲ್ಪ ವ್ಯತ್ಯಾಸ ಉಳಿದಿತ್ತು. ಅಲ್ಪವೆಂದರೂ ವ್ಯಾಪಾರದಲ್ಲಿ ಅದು ಅಲ್ಪವಲ್ಲ. ಒಂದು ದೇಶದಲ್ಲಿ ತಯಾರಾದ ಯಂತ್ರವನ್ನು ಇನ್ನೊಂದು ದೇಶ ಕೊಳ್ಳಬೇಕಾದರೆ, ಕೊಡುವವನ ಸೇರೂ ಕೊಳ್ಳುವವನ ಸೇರೂ ಒಂದಾಗಿರಬೇಕು.

ಷಿಕಾಗೋ ಸಮ್ಮೇಳನದ ಅಧ್ಯಕ್ಷತೆ ಟೆಲಿಫೋನಿನ ಇತಿಹಾಸದಲ್ಲಿ ಬೆಲ್ಲನ ಪ್ರತಿಸ್ಪರ್ಧಿಯೆಂದು ಹೆಸರಾದ ಎಲೈಷಾ ಗ್ರೇ ಅವರದು. ಗೌರವಾಧ್ಯಕ್ಷರು ಜರ್ಮನಿಯ ಮಹಾವಿಜ್ಞಾನಿ ಹೆಲ್ಮ್‌ಹೋಲ್ಟ್ಸ್. (ಆ ವೃದ್ಧರು ಊರಿಗೆ ಮರಳುವಾಗ ಹಡಗಿನ ಮೆಟ್ಟಿಲಿನಿಂದ ಬಿದ್ದು ಪೆಟ್ಟು ಮಾಡಿಕೊಂಡರು, ಮರುವರ್ಷ ತೀರಿಕೊಂಡರು.) ದೇಶಗಳ ಅಧಿಕೃತ ಪ್ರತಿನಿಧಿಗಳು ಕುಳಿತು ಒಪ್ಪಿದ ಅಳತೆಗಳು ಹೀಗಿದ್ದವು. ಕರಗುತ್ತಿರುವ ಮಂಜುಗಡ್ಡೆಯ ಉಷ್ಣತೆಯಲ್ಲಿ 106.3 ಸೆಂಟಿಮೀಟರ್ ಉದ್ದದ, 14.4521 ಗ್ರಾಂ ತೂಕದ, ಉದ್ದಕ್ಕೂ ಒಂದೇ ದಪ್ಪವಿರುವ ಪಾದರಸದ ಕಂಬವೊಂದು ವಿದ್ಯುತ್ತಿಗೆ ಒಡ್ಡುವ ತಡೆ ಒಂದು ಓಮ್. ಬೆಳ್ಳಿಯ ಲವಣದ ದ್ರಾವಣದಿಂದ ಸೆಕೆಂಡಿಗೆ 0.001118 ಗ್ರಾಂ ಬೆಳ್ಳಿಯನ್ನು ಬೇರ್ಪಡಿಸಬಲ್ಲ ಪ್ರವಾಹ ಒಂದು ಆಂಪಿಯರ್. ಕ್ಲಾರ್ಕ್ ಕೋಶವೆಂಬ ಬ್ಯಾಟರಿಯೊಂದು 15 ಡಿಗ್ರಿ ಉಷ್ಣತೆಯಲ್ಲಿ ನೀಡುವ ಒತ್ತಡವನ್ನು 1.434 ಭಾಗ ಮಾಡಿದರೆ ಒಂದು ಭಾಗ ಒಂದು ವೋಲ್ಟ್. ಇವುಗಳ ಜೊತೆಗೆ ಜೌಲ್ ಮತ್ತು ವಾಟ್ ಎಂಬ ಮಾನಗಳೂ, ಅಮೆರಿಕದ ಜೋಸೆಫ್ ಹೆನ್ರಿಯ ಹೆಸರಿನ ಮಾನವೊಂದೂ ಮನ್ನಣೆ ಪಡೆದವು. 1894ರಲ್ಲಿ ಅಮೆರಿಕದ ಕಾಂಗ್ರೆಸ್ಸು ಇವನ್ನು ಕಾನೂನು ಮಾಡಿತು. ಪಾದರಸವೂ ಬೆಳ್ಳಿಯೂ ಈಗ ಮೂಲೆ ಸೇರಿವೆ; 2019ರ ಮೇ 20ರಿಂದ ಈ ಮಾನಗಳೆಲ್ಲ ನಿಸರ್ಗದ ಸ್ಥಿರಾಂಕಗಳ ಮೇಲೆ ನಿಂತಿವೆ. ಆದರೆ ಮಾನಗಳ ನಡುವಿನ ಸಂಬಂಧ ಮಾತ್ರ ಅಂದಿನಂತೆಯೇ ಇದೆ.

ಆ ಸಂಬಂಧವನ್ನು ಹೈಸ್ಕೂಲಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದವರೇ. ವಿಭವಾಂತರವನ್ನು, ಎಂದರೆ ವೋಲ್ಟುಗಳನ್ನು, ಪ್ರವಾಹದ ಆಂಪಿಯರುಗಳಿಂದ ಭಾಗಿಸಿದರೆ ರೋಧ ಓಮ್‌ಗಳಲ್ಲಿ ದೊರೆಯುತ್ತದೆ. ಅವೆರಡನ್ನೂ ಗುಣಿಸಿದರೆ ಸಾಮರ್ಥ್ಯ ವಾಟ್‌ಗಳಲ್ಲಿ ದೊರೆಯುತ್ತದೆ. ಭಾಗಾಕಾರವೊಂದು, ಗುಣಾಕಾರವೊಂದು, ಇಷ್ಟೇ. ಮೊದಲನೆಯದನ್ನು ಜರ್ಮನಿಯ ಶಾಲಾ ಉಪಾಧ್ಯಾಯ ಗೆಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ. ಸ್ವದೇಶದಲ್ಲಿ ಅದಕ್ಕೆ ಸಿಕ್ಕಿದ್ದು ಉಪೇಕ್ಷೆ, 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಪದಕ ಕೊಟ್ಟ ಮೇಲೆಯೇ ಮರ್ಯಾದೆ. ತಂತಿ ಬಿಸಿಯಾಗುವುದಕ್ಕೆ ಲೆಕ್ಕ ಹಾಕಿದವನು ಇಂಗ್ಲೆಂಡಿನ ಜೌಲ್. ಪ್ರವಾಹವನ್ನು ಪ್ರವಾಹದಿಂದಲೇ ಗುಣಿಸಿ, ಬಂದದ್ದನ್ನು ರೋಧದಿಂದ ಗುಣಿಸಿದರೆ, ಸೆಕೆಂಡಿಗೆ ಎಷ್ಟು ಶಾಖವಾಗಿ ವ್ಯಯವಾಗುತ್ತದೆಂಬುದು ತಿಳಿಯುತ್ತದೆ. ಪ್ರವಾಹ ಎರಡರಷ್ಟಾದರೆ ನಷ್ಟ ನಾಲ್ಕರಷ್ಟು. ಮುಂದಿನ ಕಥೆಯೆಲ್ಲ ಈ ಒಂದು ವಾಕ್ಯದ ಮೇಲೆ ನಿಂತಿದೆ. ಆದ್ದರಿಂದ ಓದುಗರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡಿಕೊಳ್ಳುತ್ತೇನೆ.

ಈಗ ಡೆಟ್ರಾಯಿಟ್ ಕಡೆಗೆ ಹೊರಳೋಣ. ಊರಿನಿಂದ ತಂದೆತಾಯಿಗಳು ಬಂದಾಗ ಅವರನ್ನು ಕರೆದೊಯ್ಯುವ ಜಾಗಗಳ ಪಟ್ಟಿ ನಮ್ಮಲ್ಲಿ ಎಲ್ಲರದೂ ಒಂದೇ: ನಯಾಗರಾ ಜಲಪಾತ, ಷಿಕಾಗೋದ ಎತ್ತರದ ಗೋಪುರ, ದೇವಸ್ಥಾನ, ಮತ್ತು ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನಿನಲ್ಲಿರುವ ಗ್ರೀನ್‌ಫೀಲ್ಡ್ ವಿಲೇಜ್. ಹೆನ್ರಿ ಫೋರ್ಡ್ ಕಾರು ಮಾಡುವುದಕ್ಕೆ ಮೊದಲು ಡೆಟ್ರಾಯಿಟ್‌ನ ಎಡಿಸನ್ ದೀಪದ ಕಂಪೆನಿಯಲ್ಲಿ ನೌಕರನಾಗಿದ್ದವನು. 1893ರಲ್ಲಿಯೇ ಅಲ್ಲಿ ಮುಖ್ಯ ಇಂಜಿನಿಯರನಾದ. ಎಡಿಸನ್ನನಾದರೋ ಹುಡುಗನಾಗಿದ್ದಾಗ ಪೋರ್ಟ್ ಹ್ಯೂರನ್–ಡೆಟ್ರಾಯಿಟ್ ರೈಲಿನಲ್ಲಿ ಪತ್ರಿಕೆ ಮಾರುತ್ತ, ಡೆಟ್ರಾಯಿಟ್‌ನ ವಾಚನಾಲಯದಲ್ಲಿ ಕುಳಿತು ಓದುತ್ತ ಬೆಳೆದವನು. ತನ್ನ ಗುರುವಿನ ಮೇಲಿನ ಭಕ್ತಿಯಿಂದ ಫೋರ್ಡ್ ನ್ಯೂಜೆರ್ಸಿಯ ಮೆನ್ಲೋ ಪಾರ್ಕ್ ಪ್ರಯೋಗಶಾಲೆಯನ್ನು ಡಿಯರ್‌ಬಾರ್ನಿನಲ್ಲಿ ಮತ್ತೆ ಕಟ್ಟಿಸಿದ. ಅಲ್ಲಿನ ಮಣ್ಣನ್ನು ಸಹ ಹೊತ್ತು ತರಿಸಿದ. 1929ರ ಅಕ್ಟೋಬರ್ 21ರಂದು, ದೀಪ ಬೆಳಗಿ ಐವತ್ತು ವರ್ಷ ತುಂಬಿದ ದಿನ, ಅಧ್ಯಕ್ಷ ಹೂವರ್ ಅವರ ಸಮ್ಮುಖದಲ್ಲಿ ಎಡಿಸನ್ ಅಲ್ಲಿ ಆ ಪ್ರಯೋಗವನ್ನು ಮತ್ತೆ ಮಾಡಿ ತೋರಿಸಿದ.

ಅಲ್ಲಿಗೆ ಹೋದವರು ಗಾಜಿನ ಬುರುಡೆಗಳನ್ನು ನೋಡಿ ಬರುತ್ತಾರೆ. ಆದರೆ ಆ ಪ್ರಯೋಗಶಾಲೆಯ ನಿಜವಾದ ಸಾಧನೆ, ನನ್ನ ಅಭಿಪ್ರಾಯದಲ್ಲಿ, ಬುರುಡೆಯಲ್ಲ; ಬುರುಡೆಗೆ ಮೊದಲು ಕಾಗದದ ಮೇಲೆ ಮಾಡಿದ ಲೆಕ್ಕ. 1878ರಲ್ಲಿ ಇತರರು ಪ್ರಯೋಗಿಸುತ್ತಿದ್ದ ದೀಪಗಳ ಎಳೆಗಳಿಗೆ ರೋಧ ಬಹಳ ಕಡಿಮೆ. ಎಡಿಸನ್ನನಿಗೆ ಬೇಕಾಗಿದ್ದುದು ಗ್ಯಾಸ್ ದೀಪದಂತೆ ಪ್ರತಿ ಮನೆಯವರೂ ಬೇಕಾದಾಗ ಹಚ್ಚಿ ಬೇಡವಾದಾಗ ಆರಿಸಬಹುದಾದ ದೀಪ. ಅದಕ್ಕೆ ದೀಪಗಳನ್ನು ಒಂದರ ಪಕ್ಕ ಒಂದಾಗಿ, ಸಮಾಂತರವಾಗಿ ಜೋಡಿಸಬೇಕು. ಹಾಗೆ ಜೋಡಿಸಿದಾಗ ಎಲ್ಲ ದೀಪಗಳ ಪ್ರವಾಹವೂ ಮುಖ್ಯ ತಂತಿಯಲ್ಲಿ ಒಟ್ಟುಗೂಡುತ್ತದೆ. ನೂರು ವಾಟಿನ ದೀಪವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ರೋಧ 1 ಓಮ್ ಆದರೆ ಅದಕ್ಕೆ 10 ವೋಲ್ಟ್ ಒತ್ತಡದಲ್ಲಿ 10 ಆಂಪಿಯರ್ ಪ್ರವಾಹ ಬೇಕು. ಅಂಥ ಸಾವಿರ ದೀಪಗಳಿಗೆ 10,000 ಆಂಪಿಯರ್. ರೋಧ 100 ಓಮ್ ಆದರೆ 100 ವೋಲ್ಟ್ ಒತ್ತಡದಲ್ಲಿ ಒಂದೇ ಆಂಪಿಯರ್ ಸಾಕು. ಸಾವಿರ ದೀಪಗಳಿಗೆ 1,000 ಆಂಪಿಯರ್. ಬೆಳಕು ಎರಡರಲ್ಲಿಯೂ ಒಂದೇ. ಆದರೆ ಪ್ರವಾಹ ಹತ್ತನೆಯ ಒಂದು ಪಾಲಾದ್ದರಿಂದ, ಅದೇ ತಂತಿಯಲ್ಲಿ ನಷ್ಟ ನೂರನೆಯ ಒಂದು ಪಾಲು. ಅಥವಾ ನಷ್ಟ ಅಷ್ಟೇ ಇರಲಿ ಎಂದರೆ, ತಾಮ್ರ ನೂರನೆಯ ಒಂದು ಪಾಲು ಸಾಕು. ತಾಮ್ರದ ಬೆಲೆಯೇ ಇಡೀ ಯೋಜನೆಯ ಅಳಿವು ಉಳಿವು. ಫ್ರಾನ್ಸಿಸ್ ಅಪ್ಟನ್ ಎಂಬ ಗಣಿತ ಬಲ್ಲ ತರುಣನನ್ನು ಕೂರಿಸಿಕೊಂಡು ಎಡಿಸನ್ ಈ ಲೆಕ್ಕಗಳನ್ನು ಮಾಡಿಸಿದ. ಹೆಚ್ಚು ರೋಧದ ಎಳೆಯೇ ಬೇಕೆಂಬುದು ಮೊದಲು ನಿಶ್ಚಯವಾಯಿತು; ಎಳೆ ಆ ಬಳಿಕ ಸಿಕ್ಕಿತು. 1882ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಿಂದ ಮನೆಗಳಿಗೆ ಹರಿದ ವಿದ್ಯುತ್ತಿನ ಒತ್ತಡ ನೂರಹತ್ತು ವೋಲ್ಟ್. ಇಂದು ನಮ್ಮ ಅಮೆರಿಕದ ಮನೆಗಳ ಗೋಡೆಯಲ್ಲಿರುವ 120 ವೋಲ್ಟ್ ಅದೇ ಲೆಕ್ಕದ ವಂಶಸ್ಥ.

ಇಲ್ಲಿ ಒಂದು ಸಣ್ಣ ಎಚ್ಚರಿಕೆ. ಬುರುಡೆ ದೀಪವೊಂದನ್ನು ಕಳಚಿ ಮೀಟರು ಹಿಡಿದು ರೋಧ ನೋಡಿದ ಮಕ್ಕಳು ಗಾಬರಿಯಾಗುವುದುಂಟು. 120 ವೋಲ್ಟಿನ, ನೂರು ವಾಟಿನ ದೀಪಕ್ಕೆ ಲೆಕ್ಕದ ಪ್ರಕಾರ 144 ಓಮ್ ಇರಬೇಕು. ಮೀಟರು ಅದರ ಹತ್ತನೆಯ ಒಂದು ಪಾಲಿನಷ್ಟನ್ನೇ ತೋರಿಸುತ್ತದೆ. ಲೆಕ್ಕವೂ ಸರಿ, ಮೀಟರೂ ಸರಿ. ಟಂಗ್‌ಸ್ಟನ್ ಎಳೆ ಕಾದು ಬೆಳ್ಳಗಾದಾಗ ಅದರ ರೋಧ ಹತ್ತುಮಡಿಗೂ ಹೆಚ್ಚುತ್ತದೆ. ಎಡಿಸನ್ನನ ಇಂಗಾಲದ ಎಳೆಯ ಸ್ವಭಾವ ಇದಕ್ಕೆ ತಿರುಗುಮುರುಗು; ಅದು ಕಾದಷ್ಟೂ ರೋಧ ಇಳಿಯುತ್ತದೆ. ಲೆಕ್ಕ ಹಾಕುವಾಗ ದೀಪ ಉರಿಯುತ್ತಿರುವಾಗಿನ ವೋಲ್ಟ್ ಮತ್ತು ಆಂಪಿಯರ್‌ಗಳನ್ನೇ ಹಿಡಿಯಬೇಕು.

ಎಡಿಸನ್ನನ ನೇರ ಪ್ರವಾಹಕ್ಕೆ ಒಂದು ದೌರ್ಬಲ್ಯವಿತ್ತು. ಅದರ ಒತ್ತಡವನ್ನು ಸುಲಭವಾಗಿ ಏರಿಸಿ ಇಳಿಸುವ ಉಪಾಯ ಆಗ ಇರಲಿಲ್ಲ. ಆದ್ದರಿಂದ ಅದು ಒಂದೆರಡು ಮೈಲಿ ದಾಟಲಾರದಾಯಿತು. ಪರ್ಯಾಯ ಪ್ರವಾಹವನ್ನಾದರೆ ಟ್ರಾನ್ಸ್‌ಫಾರ್ಮರಿನಲ್ಲಿ ಏರಿಸಿ ಕಳುಹಿಸಿ, ಆ ತುದಿಯಲ್ಲಿ ಇಳಿಸಿಕೊಳ್ಳಬಹುದು. 1893ರ ಷಿಕಾಗೋ ಮೇಳವನ್ನು ವೆಸ್ಟಿಂಗ್‌ಹೌಸ್ ಕಂಪೆನಿ ಬೆಳಗಿದ್ದು ಪರ್ಯಾಯ ಪ್ರವಾಹದಿಂದಲೇ. ಮೇಳಕ್ಕೆ ಬಂದ ಎರಡು ಕೋಟಿ ಎಪ್ಪತ್ತು ಲಕ್ಷದಷ್ಟು ಜನ ಕಣ್ಣರಳಿಸಿ ನೋಡಿದ ಆ ಬೆಳಕಿನ ಹಿಂದೆ ಒಂದು ತೊಡಕೂ ಇತ್ತು: ಪರ್ಯಾಯ ಪ್ರವಾಹದಲ್ಲಿ ಓಮ್‌ನ ಸರಳ ಭಾಗಾಕಾರ ಇದ್ದಂತೆಯೇ ನಡೆಯುವುದಿಲ್ಲ, ಸುರುಳಿಗಳೂ ಉದ್ದನೆಯ ತಂತಿಗಳೂ ಪ್ರವಾಹವನ್ನು ಒತ್ತಡದಿಂದ ಹಿಂದೆ ಮುಂದೆ ಸರಿಸುತ್ತವೆ. ಆಗಸ್ಟಿನ ಆ ವಿದ್ಯುತ್ ಸಮ್ಮೇಳನದಲ್ಲಿಯೇ ಚಾರ್ಲ್ಸ್ ಸ್ಟೈನ್‌ಮೆಟ್ಸ್ ಎಂಬ ಜರ್ಮನ್ ವಲಸಿಗ, ಗೂನುಬೆನ್ನಿನ ಕುಳ್ಳ ವ್ಯಕ್ತಿ, ಸಂಕೀರ್ಣ ಸಂಖ್ಯೆಗಳನ್ನು ಬಳಸಿದರೆ ಓಮ್‌ನ ನಿಯಮವನ್ನು ಪರ್ಯಾಯ ಪ್ರವಾಹಕ್ಕೂ ಹೊಂದಿಸಬಹುದೆಂದು ತೋರಿಸಿಕೊಟ್ಟ. ಆತ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಪ್ರಧಾನ ಮಿದುಳಾದ. ಶಿವನಸಮುದ್ರಕ್ಕೆ ವಿದ್ಯುತ್ ಯಂತ್ರಗಳು ಬಂದದ್ದು ಅದೇ ಕಂಪೆನಿಯಿಂದ.

ಕಾವೇರಿ ಶಿವನಸಮುದ್ರದಲ್ಲಿ ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕುವುದನ್ನು ನೋಡದ ಕನ್ನಡಿಗರು ವಿರಳ. ಆ ನೀರಿನ ಬಲವನ್ನು ಕೆಲಸಕ್ಕೆ ಹಚ್ಚಬೇಕೆಂಬ ಯೋಚನೆ ಕೂಡಿಬಂದದ್ದು 1890ರ ದಶಕದ ಕೊನೆಯಲ್ಲಿ. ಚಾಮರಾಜ ಒಡೆಯರು 1894ರಲ್ಲಿ ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೆ ತುತ್ತಾಗಿದ್ದರು; ಯುವರಾಜ ಬಾಲಕ; ರಾಜ್ಯಭಾರ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ಕೈಯಲ್ಲಿ. ಶಿವನಸಮುದ್ರ ಯೋಜನೆಯ ಕೀರ್ತಿಯನ್ನು ಹಂಚುವಾಗ ಆ ರಾಜಮಾತೆಯ ಹೆಸರು ಹಿಂದೆ ಬೀಳುತ್ತದೆ, ಅದು ನ್ಯಾಯವಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರು ಮುಂದೆ ನಿಂತು ನಡೆಸಿದರು. ಇಂಜಿನಿಯರ್ ಕ್ಯಾಪ್ಟನ್ ಜೋಲಿ ಡಿ ಲಾಟ್ಬಿನಿಯರ್ ಯೂರೋಪು ಅಮೆರಿಕಗಳನ್ನು ಸುತ್ತಿ, ವಿದ್ಯುದಾಗಾರಗಳನ್ನು ನೋಡಿಬಂದು, ಯೋಜನೆ ರೂಪಿಸಿದರು. ಇವರು ಕೆನಡಾದ ಕ್ವಿಬೆಕ್ ಪ್ರಾಂತದ ಮನೆತನದವರೆಂಬುದನ್ನು ನದಿಯಾಚೆಯ ವಿಂಡ್ಸರಿನಿಂದ ಬರುವ ನಮ್ಮ ಮಿತ್ರರ ಸಂತೋಷಕ್ಕಾಗಿ ಹೇಳಿದ್ದೇನೆ. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪೆನಿಯವು. ರೈಲಿನಿಂದ ಇಳಿಸಿದ ಭಾರವಾದ ಭಾಗಗಳು ಎತ್ತಿನ ಗಾಡಿಗಳಲ್ಲಿ, ಆನೆಗಳ ನೆರವಿನಿಂದ, ಹೊಳೆಯ ತಡಿಗೆ ಬಂದವು.

ವಿದ್ಯುತ್ತು ಯಾರಿಗೆ? ಕೋಲಾರದ ಚಿನ್ನದ ಗಣಿಗಳಿಗೆ. ಗಣಿಯ ಆವಿಯಂತ್ರಗಳಿಗೆ ಸೌದೆ ಕಲ್ಲಿದ್ದಲುಗಳನ್ನು ಹೊಂದಿಸುವುದು ದುಬಾರಿಯಾಗಿತ್ತು. ಗಣಿಗಳನ್ನು ನಡೆಸುತ್ತಿದ್ದ ಜಾನ್ ಟೇಲರ್ ಸಂಸ್ಥೆ ವಿದ್ಯುತ್ತು ಕೊಳ್ಳಲು ಒಪ್ಪಿತು. ಆದರೆ ಹೊಳೆಯಿಂದ ಗಣಿಗೆ 92 ಮೈಲಿ. ಸಂಸ್ಥಾನ ಪಂಥ ಕಟ್ಟಿದ್ದು ಈ 92 ಮೈಲಿಯ ಮೇಲೆ. ಈ ತುದಿಯಲ್ಲಿ ಎಷ್ಟೇ ಉತ್ಪಾದಿಸಿದರೂ ಹಣ ಬರುವುದು ಆ ತುದಿಗೆ ತಲುಪಿದ್ದಕ್ಕೆ ಮಾತ್ರ.

ಅದರ ಲೆಕ್ಕವನ್ನು ಒಮ್ಮೆ ನಾವೇ ಹಾಕಿ ನೋಡೋಣ. ಗಣಿಗಳಿಗೆ ಬೇಕಾಗಿದ್ದುದು ಮೊದಲಿಗೆ 4,000 ಅಶ್ವಶಕ್ತಿ. ಎಂದರೆ ಹೆಚ್ಚುಕಡಿಮೆ 3,000 ಕಿಲೋವಾಟ್. ಮೂರು ತಂತಿಗಳ ಪದ್ಧತಿಯಲ್ಲಿ, ಪವರ್ ಫ್ಯಾಕ್ಟರ್ ಒಂದೆಂದು ಹಿಡಿದರೆ, ವಾಟುಗಳನ್ನು ವೋಲ್ಟಿನಿಂದಲೂ 1.732ರಿಂದಲೂ ಭಾಗಿಸಿದರೆ ಪ್ರತಿ ತಂತಿಯ ಪ್ರವಾಹ ಸಿಗುತ್ತದೆ. ತಂತಿಯೊಂದರ ರೋಧ, ಉದಾಹರಣೆಗೆಂದು, 40 ಓಮ್ ಇರಲಿ. ಒತ್ತಡ 2,200 ವೋಲ್ಟ್ ಮಾತ್ರವಿದ್ದರೆ ಪ್ರವಾಹ 787 ಆಂಪಿಯರ್. ಅಷ್ಟು ಪ್ರವಾಹವನ್ನು 40 ಓಮ್‌ನ ಮೂಲಕ ತಳ್ಳುವುದಕ್ಕೇ 31,000 ವೋಲ್ಟಿಗಿಂತ ಹೆಚ್ಚು ಒತ್ತಡ ಬೇಕು, ಇರುವುದೋ 2,200! ಮೂರು ತಂತಿಗಳ ಶಾಖ ನಷ್ಟವನ್ನು ಗುಣಿಸಿ ನೋಡಿದರೆ 74,000 ಕಿಲೋವಾಟ್ ಬರುತ್ತದೆ. ಮೂರು ಸಾವಿರ ಮುಟ್ಟಿಸಲು ಎಪ್ಪತ್ತನಾಲ್ಕು ಸಾವಿರದ ಸುಂಕ. ಅಸಂಬದ್ಧವೆಂಬುದು ಸ್ಪಷ್ಟ. ಈಗ ಒತ್ತಡವನ್ನು 35,000 ವೋಲ್ಟಿಗೆ ಏರಿಸೋಣ. ಪ್ರವಾಹ 50 ಆಂಪಿಯರಿಗಿಂತ ಸ್ವಲ್ಪ ಕಡಿಮೆ. ನಷ್ಟ ಸುಮಾರು 300 ಕಿಲೋವಾಟ್. ಹತ್ತರಲ್ಲಿ ಒಂದು ಪಾಲು. ತಂತಿ ಅದೇ, ದೂರ ಅದೇ, ಮುಟ್ಟಿಸಿದ ಸಾಮರ್ಥ್ಯವೂ ಅದೇ. ಒತ್ತಡ ಹದಿನಾರು ಪಟ್ಟು ಏರಿದ್ದರಿಂದ ನಷ್ಟ ಇನ್ನೂರೈವತ್ತರಲ್ಲಿ ಒಂದು ಪಾಲಿಗೆ ಇಳಿಯಿತು.

ಶಿವನಸಮುದ್ರದ ಮಾರ್ಗಕ್ಕೆ ಆರಿಸಿಕೊಂಡ ಒತ್ತಡ 35,000 ವೋಲ್ಟ್. ತಲಾ 720 ಕಿಲೋವಾಟಿನ ಆರು ಯಂತ್ರಗಳು. 1902ರ ಜೂನ್ 30ರಂದು ಕಾವೇರಿಯ ಬಲ ಕೋಲಾರದ ಗಣಿಯನ್ನು ಮುಟ್ಟಿತು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಅವರು ಉಳಿದಿರಲಿಲ್ಲ. 1901ರಲ್ಲಿಯೇ ಅವರು ಕಾಲವಾಗಿದ್ದರು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹತ್ತಿದ್ದು 1905ರ ಆಗಸ್ಟ್ 5ರಂದು. ಮೈಸೂರು ನಗರಕ್ಕೆ 1908ರಲ್ಲಿ.

ಶಿವನಸಮುದ್ರವನ್ನು ಕುರಿತು ನಮ್ಮ ಸಂಚಿಕೆಗಳಲ್ಲಿ ಅಭಿಮಾನದ ಭರದಲ್ಲಿ ಕೆಲವು ಮಾತುಗಳು ಬಂದುಬಿಡುತ್ತವೆ. ಏಷ್ಯಾದ ಮೊಟ್ಟಮೊದಲ ಜಲವಿದ್ಯುದಾಗಾರ ಎಂಬುದು ಅವುಗಳಲ್ಲೊಂದು. ಜಪಾನಿನ ಕ್ಯೋಟೋದಲ್ಲಿ 1891ರಲ್ಲಿಯೇ ಒಂದು ಇತ್ತು. ಭಾರತದಲ್ಲಿಯೇ ಡಾರ್ಜಿಲಿಂಗಿನ ಪುಟ್ಟ ವಿದ್ಯುದಾಗಾರ 1897ರದು. ಪ್ರಪಂಚದಲ್ಲೇ ಅತಿ ಉದ್ದದ ಮಾರ್ಗ ಎನ್ನುವುದೂ ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೋಲ್ಗೇಟ್‌ನಿಂದ ಓಕ್ಲೆಂಡಿಗೆ 1901ರಲ್ಲಿ 142 ಮೈಲಿಯ ಮಾರ್ಗವಿತ್ತು. ಇದರಿಂದ ಮೈಸೂರಿನ ಹಿರಿಮೆಗೆ ಕುಂದೇನೂ ಇಲ್ಲ. ಷಿಕಾಗೋದಲ್ಲಿ ಅಳತೆಗಳು ಗೊತ್ತಾಗಿ ಹತ್ತು ವರ್ಷ ಕಳೆಯುವ ಮೊದಲೇ, ನಯಾಗರಾದ ವಿದ್ಯುತ್ತು ಇಪ್ಪತ್ತು ಚಿಲ್ಲರೆ ಮೈಲಿ ದೂರದ ಬಫಲೋಗೆ ಮುಟ್ಟಿ ಆರೇ ವರ್ಷಕ್ಕೆ, ಒಂದು ದೇಶೀಯ ಸಂಸ್ಥಾನ ತನ್ನ ಖಜಾನೆಯ ಹಣವನ್ನು 92 ಮೈಲಿ ತಂತಿಯ ಮೇಲೆ ಹೂಡಿತು. ಇಲ್ಲದ ಪದವಿಗಳ ಅಗತ್ಯ ಅದಕ್ಕಿಲ್ಲ.

ಇನ್ನು ನನ್ನ ಮನೆಯ ಮಾತು. ನನ್ನ ತಂದೆಯವರು ಶಿವನಸಮುದ್ರದ ವಿದ್ಯುದಾಗಾರದಲ್ಲಿ ಸ್ವಿಚ್‌ಬೋರ್ಡಿನ ಮುಂದೆ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದರು. ನಮ್ಮ ಕಡೆ ಆ ಜಾಗಕ್ಕೆ ಬ್ಲಫ್ ಎಂದೇ ಹೆಸರು. ಗಂಟೆಗೊಮ್ಮೆ ವೋಲ್ಟ್ ಎಷ್ಟು, ಆಂಪಿಯರ್ ಎಷ್ಟು ಎಂಬುದನ್ನು ಮೀಟರುಗಳಿಂದ ಓದಿ ದಪ್ಪನೆಯ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಕಾಲುನಡಿಗೆಯಲ್ಲಿ ಊರಿಗೆ ಬರುವಾಗ ಕೈಯಲ್ಲಿ ಲಾಟೀನು. ಊರ ಗದ್ದೆಯ ಮೇಲೆಯೇ ತಂತಿಗಳು ಗುಂಯ್ ಎನ್ನುತ್ತ ಹಾದುಹೋಗುತ್ತಿದ್ದವು. ತಂತಿಯ ಕೆಳಗಿನ ನಮ್ಮ ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿ. ನಾನು ಹೈಸ್ಕೂಲು ಸೇರಿದ ಮೇಲೆಯೇ ನಮ್ಮ ಮನೆಗೆ ದೀಪ ಬಂದದ್ದು.

ಇದನ್ನು ಹೇಳಿದಾಗ ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಕೇಳುವ ಪ್ರಶ್ನೆ ಒಂದೇ: ತಲೆಯ ಮೇಲೆಯೇ ತಂತಿ ಇದ್ದಾಗ ಒಂದು ಎಳೆ ಎಳೆದುಕೊಳ್ಳಲು ಏನು ಅಡ್ಡಿ? ನಾನೂ ಆ ವಯಸ್ಸಿನಲ್ಲಿ ತಂದೆಯವರನ್ನು ಅದನ್ನೇ ಕೇಳಿದ್ದೆ. ಅವರು ಬೈಯದೆ, ಸ್ಲೇಟು ತರಿಸಿ ಲೆಕ್ಕ ಹಾಕಿಸಿದರು. ನಲವತ್ತು ವಾಟಿನ ದೀಪಕ್ಕೆ 230 ವೋಲ್ಟಿನಲ್ಲಿ ಬೇಕಾದ ಆಂಪಿಯರ್ ಎಷ್ಟು? ಆರನೆಯ ಒಂದು ಪಾಲಿಗೂ ಕೊಂಚ ಹೆಚ್ಚು. ಆ ದೀಪದ ರೋಧ? 1,300 ಓಮ್ ಚಿಲ್ಲರೆ. ಅದನ್ನೇ ಮೇಲಿನ ತಂತಿಗೆ ನೇರವಾಗಿ ಸಿಕ್ಕಿಸಿದರೆ? ಮೂವತ್ತೈದು ಸಾವಿರವನ್ನು ಆ ರೋಧದಿಂದ ಭಾಗಿಸಿದಾಗ 26 ಆಂಪಿಯರ್ ಬಂತು. ಗುಣಿಸಿದಾಗ ಒಂಬತ್ತು ಲಕ್ಷ ವಾಟಿಗೂ ಮಿಗಿಲಾಯಿತು. ದೀಪವಿರಲಿ, ಮನೆಯೇ ಉಳಿಯುವುದಿಲ್ಲ ಎಂಬುದು ನನಗೆ ಅರ್ಥವಾಯಿತು. ಒತ್ತಡವನ್ನು ಇಳಿಸಲು ಟ್ರಾನ್ಸ್‌ಫಾರ್ಮರ್, ಅದಕ್ಕೊಂದು ಕೇಂದ್ರ, ಕಾವಲು, ರಿಪೇರಿ. ಹತ್ತು ಮನೆಯ ಹತ್ತು ದೀಪಗಳಿಗೆ ಆ ಖರ್ಚು ಗಿಟ್ಟುವುದಿಲ್ಲ. ಯಾವ ಲೆಕ್ಕ ಕೋಲಾರಕ್ಕೆ ವಿದ್ಯುತ್ತನ್ನು ಮುಟ್ಟಿಸಿತೋ ಅದೇ ಲೆಕ್ಕ ಹಾದಿಯ ಹಳ್ಳಿಗಳನ್ನು ದಾಟಿಕೊಂಡು ಹೋಯಿತು. ಲೆಕ್ಕ ತಪ್ಪಿರಲಿಲ್ಲ. ಆದರೂ ಬುಡ್ಡಿಯ ಮಸಿ ಒರೆಸುತ್ತಿದ್ದ ನನ್ನ ತಾಯಿಗೆ ಆ ಲೆಕ್ಕ ಎಂದೂ ಒಪ್ಪಿಗೆಯಾಗಲಿಲ್ಲ.

ಬೇಸಿಗೆಯಲ್ಲಿ ಹೊಳೆ ಬಡವಾದಾಗ ಗಣಿಗೆ ಕೊಡಬೇಕಾದ ವಿದ್ಯುತ್ತಿಗೂ ಕೊರತೆ. ಆ ಕೊರತೆ ನೀಗಲು ಮೇಲೆ ನೀರನ್ನು ಹಿಡಿದಿಡಬೇಕೆಂಬುದೇ ಕನ್ನಂಬಾಡಿಯ ಕಟ್ಟೆಗೆ ಒಂದು ಪ್ರಬಲ ಕಾರಣವಾಯಿತು. ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರಾಗಿದ್ದಾಗ, 1911ರಲ್ಲಿ, ಕೆಲಸ ಆರಂಭವಾಯಿತು. ಮಂಡ್ಯದ ಗದ್ದೆಗಳಿಗೆ ನೀರು ಬಂದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ. ಗಣಿಗಳು 2001ರಲ್ಲಿ ಮುಚ್ಚಿದವು.

ಲೆಕ್ಕದ ಭಾಷೆಯ ವಿಚಾರವಾಗಿಯೂ ಒಂದು ಮಾತು. ತಂದೆಯವರು ಕನ್ನಡದಲ್ಲಿಯೇ ಲೆಕ್ಕ ಹೇಳಿಕೊಟ್ಟದ್ದರಿಂದ ರೋಧ, ಪ್ರವಾಹ, ವಿಭವಾಂತರ ಎಂಬ ಮಾತುಗಳು ನನಗೆ ಪಾರಿಭಾಷಿಕವೆನಿಸಲೇ ಇಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿ ಇಂಥ ವಿಷಯಗಳನ್ನು ಕನ್ನಡದಲ್ಲಿ ಹೇಳಬಹುದೆಂದು ತೋರಿಸಿದ್ದರು. 1965ರ ವಲಸೆ ಕಾನೂನಿನ ಬಳಿಕ ಬೆಂಗಳೂರು, ಮೈಸೂರುಗಳ ಇಂಜಿನಿಯರಿಂಗ್ ಕಾಲೇಜುಗಳಿಂದ ಇಲ್ಲಿಗೆ ಬಂದವರಲ್ಲಿ ಹಲವರು ಅಂಥ ಕನ್ನಡದಿಂದಲೇ ಹೊರಟವರು. ಕೆಲವರು ಡೆಟ್ರಾಯಿಟ್‌ನ ಕಾರು ಕಾರ್ಖಾನೆಗಳಿಗೆ ಸೇರಿದರು. ಕೆಲವರು ಷಿಕಾಗೋದಲ್ಲಿ ವಿದ್ಯುದಾಗಾರಗಳನ್ನು ವಿನ್ಯಾಸ ಮಾಡುವ ಸಂಸ್ಥೆಗಳಿಗೆ. ಎಡಿಸನ್ನನ ಕಾರ್ಯದರ್ಶಿಯಾಗಿದ್ದ ಸ್ಯಾಮ್ಯುಯೆಲ್ ಇನ್ಸಲ್ 1892ರಲ್ಲಿ ಬಂದು ಕಟ್ಟಿ ಬೆಳೆಸಿದ ಷಿಕಾಗೋದ ವಿದ್ಯುತ್ ಜಾಲದ ನಕ್ಷೆಗಳ ಮೇಲೆ ಬಾಗಿ ಕುಳಿತ ಕನ್ನಡಿಗರನ್ನು ನಾನು ಬಲ್ಲೆ. ವಿದ್ಯಾರಣ್ಯ ಕನ್ನಡ ಕೂಟದಲ್ಲಿ, ಪಂಪ ಕನ್ನಡ ಕೂಟದಲ್ಲಿ, 2002ರ ಡೆಟ್ರಾಯಿಟ್ ಮತ್ತು 2008ರ ಷಿಕಾಗೋ ಅಕ್ಕ ಸಮ್ಮೇಳನಗಳಲ್ಲಿ, ವೇದಿಕೆಯ ದೀಪ ಧ್ವನಿವರ್ಧಕಗಳಿಗೆ ಎಷ್ಟು ಆಂಪಿಯರ್ ಬೇಕೆಂದು ಊಟದ ಕಾಗದದ ಮೇಲೆ ಗುಣಿಸುತ್ತಿದ್ದವರೂ ಇಂಥವರೇ.

1984ರಲ್ಲಿ ನನ್ನ ತಂದೆತಾಯಿಗಳು ಬಂದರು. ತಾಯಿ ಪೆಟ್ಟಿಗೆಯಲ್ಲಿ ನೀರು ಕಾಯಿಸುವ ಕಾಯಿಲ್ ಒಂದನ್ನು ಜತನದಿಂದ ತಂದಿದ್ದರು. ಅದನ್ನು ಇಲ್ಲಿನ ಗೋಡೆಗೆ ಸಿಕ್ಕಿಸಿ ಅರ್ಧ ಗಂಟೆ ಕಾದರೂ ಬಕೆಟ್ಟಿನ ನೀರು ಉಗುರುಬೆಚ್ಚಗೆ ಆಗಲಿಲ್ಲ. “ಇಷ್ಟು ದೊಡ್ಡ ದೇಶ ಅಂತೀರಿ, ಕರೆಂಟಿಗೆ ಸತ್ವವೇ ಇಲ್ಲವಲ್ಲಪ್ಪ” ಎಂದರು. ತಂದೆಯವರು ಕನ್ನಡಕ ಏರಿಸಿಕೊಂಡು ಕಾಯಿಲ್‌ನ ಹಿಡಿಯ ಮೇಲೆ ಬರೆದದ್ದನ್ನು ಓದಿದರು: 230 ವೋಲ್ಟ್, 1,000 ವಾಟ್. ಮನಸ್ಸಿನಲ್ಲಿಯೇ ಭಾಗಿಸಿ, ರೋಧ 53 ಓಮ್ ಎಂದರು. ಇಲ್ಲಿನ 120 ವೋಲ್ಟಿನಲ್ಲಿ ಎರಡೂಕಾಲು ಆಂಪಿಯರ್. ಸಾಮರ್ಥ್ಯ 270 ವಾಟ್. “ಒತ್ತಡ ಅರ್ಧ, ಕೆಲಸ ಕಾಲು, ಅದರ ತಪ್ಪೇನೂ ಇಲ್ಲ ಕಣೇ” ಎಂದು ತಾಯಿಗೆ ಸಮಾಧಾನ ಹೇಳಿದರು. ಇದರ ವಿರುದ್ಧ ದಿಕ್ಕಿನದು ಅಪಾಯಕರ. ಇಲ್ಲಿನ 120 ವೋಲ್ಟಿನ, ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆಯನ್ನು ಮೈಸೂರಿನಲ್ಲಿ ಸಿಕ್ಕಿಸಿದರೆ 16 ಆಂಪಿಯರ್ ಹರಿದು 3,600 ವಾಟಿಗೂ ಮೇಲೇರುತ್ತದೆ. ಉಡುಗೊರೆ ಕೊಂಡೊಯ್ಯುವವರು ಗಮನಿಸಬೇಕು.

ಮರುವಾರ ಅವರನ್ನು ಡಿಯರ್‌ಬಾರ್ನಿಗೆ ಕರೆದುಕೊಂಡು ಹೋದೆ. ಮೆನ್ಲೋ ಪಾರ್ಕ್ ಪ್ರಯೋಗಶಾಲೆಯ ಮಹಡಿಯಲ್ಲಿ ಮಾರ್ಗದರ್ಶಿಯೊಬ್ಬಳು ಎಳೆಯ ಕಥೆ, ಬುರುಡೆಯ ಕಥೆ ಹೇಳಿದಳು. ನಾನು ಕನ್ನಡ ಮಾಡಿ ಹೇಳುತ್ತಿದ್ದೆ. ಏನಾದರೂ ಪ್ರಶ್ನೆಗಳಿವೆಯೇ ಎಂದು ಆಕೆ ಕೇಳಿದಾಗ ತಂದೆಯವರು ನನ್ನ ಕಡೆ ತಿರುಗಿ, “ಯಂತ್ರದ ಹತ್ತಿರ ಎಷ್ಟು ವೋಲ್ಟಿತ್ತು, ಕೊನೇ ದೀಪದ ಹತ್ತಿರ ಎಷ್ಟು ಬಂತು ಕೇಳು” ಎಂದರು. ಆಕೆಗೆ ಅದು ತಿಳಿದಿರಲಿಲ್ಲ. ಒಳಗೆ ಹೋಗಿ ಹಿರಿಯ ನೌಕರರೊಬ್ಬರನ್ನು ಕರೆತಂದಳು. ಅವರು ಅಂದಾಜಿನ ಅಂಕಿಗಳನ್ನು ಹೇಳಿದರು. ತಂದೆಯವರು ಪ್ರವೇಶದ ಚೀಟಿಯ ಹಿಂಬದಿಯಲ್ಲಿ ಗಂಟೆಗೊಮ್ಮೆ ಬರೆಯುತ್ತಿದ್ದ ಕ್ರಮದಲ್ಲಿಯೇ ಎರಡು ಕಾಲಂ ಎಳೆದು ಬರೆದುಕೊಂಡರು. ಬಳಿಕ ಇಬ್ಬರು ವೃದ್ಧರೂ, ನಡುವೆ ನನ್ನ ಭಾಷಾಂತರವನ್ನೂ ಕಾಯದೆ, ಆ ಚೀಟಿಯ ಮೇಲೆ ಬಾಗಿ ಅಂಕಿಗಳನ್ನು ತೋರಿಸಿಕೊಳ್ಳುತ್ತ ಬಹಳ ಹೊತ್ತು ನಿಂತಿದ್ದರು. ತಾಯಿಯವರು ಹೊರಗೆ ಮರದ ನೆರಳಿನಲ್ಲಿ ಕುಳಿತು ನಮ್ಮ ದಾರಿ ಕಾಯುತ್ತಿದ್ದರು.